ಉಪ್ಪು ಸರಿಯಾಗಿಯೇ ಇತ್ತು

ಭಾನುವಾರ, ರಾತ್ರಿ ಹತ್ತು ಗಂಟೆ. ಇಡೀ ದಿನ ಹೊಸ್ತಿಲು ದಾಟಲಿಲ್ಲ. ಆದರೂ ಎಲ್ಲಿಂದಲೋ ಓಡಿ ಬಂದವಳಂತೆ ಎದೆ ಹೊಡೆದುಕೊಳ್ಳುತ್ತಿದೆ.

ಮೇಲಿನ ಮನೆಯಲ್ಲಿ ಒಬ್ಬರೇ ಇರುವ ಟೀಚರಮ್ಮನಿಗೆ ಉಬ್ಬಸ. ಲಾಕ್‌ಡೌನ್ ಶುರುವಾದಾಗಿನಿಂದ ಅವರು ಹಗ್ಗ ಕಟ್ಟಿದ ಬುಟ್ಟಿ ಇಳಿಬಿಡುತ್ತಾರೆ, ನಾನು ಊಟದ ಡಬ್ಬಿ ಇಟ್ಟು ಕಳಿಸುತ್ತೇನೆ. ಇವತ್ತು ಮಧ್ಯಾಹ್ನ ಡಬ್ಬಿ ಮೇಲೆ ಹೋದ ಸ್ವಲ್ಪ ಹೊತ್ತಿಗೆ ಬಾಲ್ಕನಿಯಿಂದ ಕೂಗಿದರು.

“ಏನಮ್ಮಾ, ಊರೆಲ್ಲ ಬಾಗಿಲು ಹಾಕಿದೆ ಅಂತ ಉಪ್ಪಿನ ಡಬ್ಬೀನೂ ಮುಚ್ಚಿಬಿಟ್ಯಾ? ಗಂಜಿ ಬರೀ ಸಪ್ಪೆ!”

ನಾಚಿಕೆಯಾಗಿ ಒಂದು ಪೊಟ್ಟಣ ಉಪ್ಪು ಕಳಿಸಿದೆ. ಆಮೇಲೆ ಅದೇ ಗಂಜಿ ಉಣ್ಣಲು ಕೂತೆ. ಉಪ್ಪು ಸರಿಯಾಗಿಯೇ ಇತ್ತು.

ಇನ್ನೊಂದು ತುತ್ತು ತಿಂದು ನೋಡಿದೆ. ಹೋದ ತಿಂಗಳು ನಮ್ಮ ಯಜಮಾನರೂ ಹೀಗೇ ಸಪ್ಪೆ ಸಪ್ಪೆ ಎಂದು ತಟ್ಟೆ ಸರಿಸಿದ್ದರು. ನಾನು ಉಪ್ಪು ಬಡಿಸುತ್ತಲೇ ಇದ್ದೆ. ಅದು ಕಾಯಿಲೆಯ ಗುರುತು ಎಂದು ಗೊತ್ತಾಗುವ ಹೊತ್ತಿಗೆ ಅವರನ್ನು ಆಸ್ಪತ್ರೆಗೆ ಕರೆದೊಯ್ದಾಗಿತ್ತು. ತಿರುಗಿ ಬರಲಿಲ್ಲ.

ಸಂಜೆ ಟೀಚರಮ್ಮನಿಗೆ ಫೋನ್ ಮಾಡಿ, ಒಂದು ಸಲ ಪರೀಕ್ಷೆ ಮಾಡಿಸೋಣ ಎಂದೆ.

“ನನ್ನ ನಾಲಿಗೆಗೆ ವಯಸ್ಸಾಗಿದೆ, ಅಷ್ಟೇ. ಆಸ್ಪತ್ರೆಗೆ ಹೋದೋರು ವಾಪಸ್ ಬಂದಿದ್ದನ್ನ ನೀನು ನೋಡಿದ್ದೀಯಾ?”

ಅಂದುಬಿಟ್ಟ ಮೇಲೆ ‘ಅಯ್ಯೋ’ ಎಂದು ತಾವೇ ಫೋನ್ ಇಟ್ಟುಬಿಟ್ಟರು.

ಕೊನೆಗೆ ಆರೋಗ್ಯ ಕೇಂದ್ರಕ್ಕೆ ಅವರ ಹೆಸರು ಕೊಟ್ಟೆ. ಬೈಯುತ್ತಾರೆ. ಬೈಯುವಷ್ಟು ಉಸಿರಿದ್ದರೆ ಸಾಕು. ಈಗ ಮೇಲೆ ಕುರ್ಚಿ ಎಳೆದ ಸದ್ದಾದರೂ ಕೇಳಿಸಿದ್ದರೆ...

ನಾಳೆ ಒಂಬತ್ತಕ್ಕೆ ನರ್ಸ್ ಬರುತ್ತಾರೆ. ಟೀಚರಮ್ಮನಿಗೆ ಇನ್ನೂ ಹೇಳಿಲ್ಲ.