ನಾಲ್ಕು ಅಡಿಯ ಗುರುತು

ಅಂಟಾರ್ಕ್ಟಿಕದ ಕರಾವಳಿ, ಸರ್ವೆ ಹಡಗಿನಿಂದ
೧೮ ಜನವರಿ ೨೦೨೫

ಪ್ರೀತಿಯ ಲಕ್ಷ್ಮೀಶಣ್ಣನಿಗೆ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಇವತ್ತಿನ ಬಿ.ಪಿ. ಮಾತ್ರೆ ನುಂಗಿಲ್ಲವಾದರೆ ಎದ್ದು ಹೋಗಿ ನುಂಗಿ ಬಾ, ಪತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ಗಟ್ಟಿಯಾಗಿದ್ದೇನೆ. ಅತ್ತಿಗೆ ಕಟ್ಟಿಕೊಟ್ಟ ಅಪ್ಪೆಮಿಡಿ ಉಪ್ಪಿನಕಾಯಿ ಹಡಗಿನವರೆಲ್ಲ ಸೇರಿ ಖಾಲಿ ಮಾಡಿದರು.

ಇಲ್ಲಿ ನನ್ನ ಕೆಲಸ ಏನೆಂದು ಕೇಳಿದ್ದೆಯಲ್ಲ. ಹಿಮದ ದಡಕ್ಕೆ ಹತ್ತಿರದ ಸಮುದ್ರಕ್ಕೆ ಸರಿಯಾದ ನಕ್ಷೆಯೇ ಇಲ್ಲ. ದೋಣಿಗೆ ಕಟ್ಟಿದ ಸೋನಾರ್ ನೀರೊಳಗೆ ಶಬ್ದ ಬಿಡುತ್ತದೆ. ಅದು ತಳಕ್ಕೆ ಬಡಿದು ವಾಪಸು ಬರಲು ಹಿಡಿದ ಹೊತ್ತಿನಿಂದ ಆಳ ಗೊತ್ತಾಗುತ್ತದೆ, ಅದೂ ಒಂದೇ ಸಲಕ್ಕೆ ನೂರಾರು ಕಡೆ. ಮೊನ್ನೆ ಹತ್ತು ಮೀಟರ್ ಆಳದ ಬಂಡೆಯ ಪಕ್ಕದಲ್ಲೇ ಇನ್ನೂರು ಮೀಟರ್ ಕಂದಕ ಸಿಕ್ಕಿತು. ಜೊತೆಯವರು ಚಪ್ಪಾಳೆ ತಟ್ಟಿದರು. ನನಗೆ ನೀನು ಹೊಳೆ ಅಳೆಯುವ ಬಿದಿರು ಗಳ ನೆನಪಾಯಿತು.

ನವರಾತ್ರಿಗೆ ಮೊದಲು ತುಂಗೆಯ ಆಳ ಅಳೆದು ಊರ ಸ್ನಾನಘಟ್ಟದ ಕಲ್ಲಿಗೆ ಬಣ್ಣದಲ್ಲಿ ಬರೆಯುವುದು ನಮ್ಮ ಮನೆಗೆ ಬಂದ ಮರ್ಯಾದೆ. ಶೃಂಗೇರಿಗೆ ಹೋಗುವ ಯಾತ್ರಿಕರೂ ಅದನ್ನು ನಂಬಿ ನೀರಿಗಿಳಿಯುತ್ತಾರೆ. ಆ ವರ್ಷ, "ಹೆಂಗಸ್ರು ಮುಟ್ಟಿದ್ರೆ ಅಳತೆ ತಪ್ತದೆ ಮಾರಾಯ್ತಿ" ಎಂದು ನನ್ನ ಕೈಯಿಂದ ಗಳ ಕಿತ್ತುಕೊಂಡೆ. ಪಂಚೆ ನೆನೆಯದ ಹಾಗೆ ಕೊನೆಯ ಮೆಟ್ಟಿಲ ಮೇಲೇ ನಿಂತು, ಕಾಲ ಬುಡದಲ್ಲೇ ಗಳ ಊರಿ, ನಾಲ್ಕು ಅಡಿ ಎಂದು ಬರೆದೆ. ಎರಡು ದಿನ ಬಿಟ್ಟು ಕಮಲತ್ತೆಯ ಮಗ ಶಿಶಿರ ಅದೇ ಗುರುತಿನ ಎದುರು ಇಳಿದ, ನಾಲ್ಕು ಹೆಜ್ಜೆ ಹಾಕಿದ, ಮುಳುಗಿದ. ದಡದಲ್ಲಿದ್ದವಳು ನಾನೊಬ್ಬಳೇ. "ನಾಲ್ಕಡಿ ನೀರಲ್ಲಿ ಆರಡಿ ಆಳು ಮುಳುಗ್ತಾನಾ? ಇವಳೇ ನಡುಹೊಳೆಗೆ ಈಜು ಅಂತ ಹುರಿದುಂಬಿಸಿದ್ದು" ಎಂದೆ ನೀನು. ಎಲ್ಲರೂ ನಂಬಿದರು. ಒಂಬತ್ತು ವರ್ಷದಿಂದ ಅತ್ತೆ ನನ್ನ ಮುಖ ನೋಡಿಲ್ಲ. ಶಿಶಿರನ ಶ್ರಾದ್ಧಕ್ಕೆ ಭಂಡಿಗಡಿಯ ಅತ್ತೆಮನೆಗೆ ನೀನು ಹೋಗಿ ಮೊದಲ ಎಲೆಗೆ ಕೂರುತ್ತೀಯ, ನನಗೆ ಕರೆಯೇ ಇಲ್ಲ.

ಅವನು ಹೋದ ಮರುದಿನ ಬೆಳಿಗ್ಗೆ ನೀನೊಬ್ಬನೇ ಸೊಂಟದ ತನಕ ನೀರಿಗಿಳಿದು, ಗಳವನ್ನು ಒಂದು ಮಾರು ಆಚೆ ಇಳಿಸಿದ್ದನ್ನು ನಾನು ನೋಡಿದ್ದೆ. ಗಳ ಪೂರ್ತಿ ಮುಳುಗಿತು. ಮನೆಗೆ ಬಂದು "ನಾಲ್ಕೇ ಅಡಿ" ಎಂದೆ! ನಾಲಿಗೆ ಹೇಗೆ ಹೊರಳಿತೋ ನಿನಗೆ.

ಅಕ್ಟೋಬರಿನಲ್ಲಿ ನಾನು ತಂದಿದ್ದ ಹಳದಿ ಡಬ್ಬಿ ನೆನಪಿದೆಯಾ? "ಇದಕ್ಕಿಂತ ನನ್ನ ಗಳವೇ ವಾಸಿ" ಎಂದು ನಗುತ್ತಾ ನೀನೇ ದೋಣಿಗೆ ಹುಟ್ಟು ಹಾಕಿದೆ. ಅದು ಸಣ್ಣ ಸೋನಾರ್ ಅಣ್ಣ. ನಿನ್ನ ಗುರುತಿನಿಂದ ಒಂದು ಮಾರು ಆಚೆ ಇಪ್ಪತ್ತೆರಡು ಅಡಿ ಇದೆ. ಅದು ಕರಿಬಂಡೆಯೊಳಗಿನ ಗುಂಡಿ, ಒಂಬತ್ತು ವರ್ಷದಲ್ಲಿ ಹುಟ್ಟಿದ್ದಲ್ಲ. ನಕ್ಷೆ ಜೊತೆಗಿದೆ, ಕನ್ನಡಕ ಹಾಕಿಕೊಂಡು ನೋಡು.

ಅತ್ತಿಗೆಗೆ ನನ್ನ ನಮಸ್ಕಾರ ಹೇಳು. ತಾಯಿ ತುಂಗೆ ನಿನಗೆ ನೂರು ವರ್ಷ ಆಯಸ್ಸು ಕೊಡಲಿ, ಇದನ್ನು ನೆನೆಸಿಕೊಳ್ಳುವುದಕ್ಕೆ.

ನಿನ್ನ ತಂಗಿ,
ವನಮಾಲಾ

ಹೇಳಲು ಮರೆತೆ: ಇದನ್ನು ಈಮೇಲ್ ಮಾಡಿದ್ದು ಕಮಲತ್ತೆಯ ಮಗಳು ಶ್ರೀವಿದ್ಯಾಳಿಗೆ. ಕೊಪ್ಪದಲ್ಲಿ ಪ್ರಿಂಟ್ ತೆಗೆದು, ಮೊದಲು ನಿನ್ನಮ್ಮನಿಗೆ ಓದಿ ಹೇಳು, ಆಮೇಲೆ ಅವರನ್ನೂ ಕರೆದುಕೊಂಡು ಹೋಗಿ ಅಣ್ಣನ ಕೈಗೆ ಕೊಡು ಎಂದಿದ್ದೇನೆ. ಓದಿ ಮುಗಿಯಿತಲ್ಲ, ತಲೆ ಎತ್ತು. ಅತ್ತೆ ಎದುರಿಗೇ ಕೂತಿದ್ದಾರೆ. ನಾಲ್ಕೇ ಅಡಿ ಅಂತ ಈಗ ಹೇಳು.