ಪಡುವಣ ಗಾಳಿಗೆ ಎತ್ತಿದ ಮೊರ

ಸದಾಶಿವನಗರ, ಬೆಳಗಾವಿ
ಫೆಬ್ರವರಿ ೧೮

ಮುದ್ದಿನ ಮೊಮ್ಮಗಳು ಮಾಯಾಗೆ ಆಯಿಯ ಆಶೀರ್ವಾದಗಳು.

ಆರಾಮ ಇದ್ದೀಯಾ? ನಿನ್ನ ಕೋಣೆಯ ಗೆಳತಿ ಸಾಯಲಿಯ ಕೆಮ್ಮು ಕಡಿಮೆಯಾಯಿತೇ? ಆಸ್ಪತ್ರೆಯ ಪಾಳಿ ಮುಗಿಸಿ ಬಂದು ಉಣ್ಣದೆ ಮಲಗಬೇಡ. ಇಲ್ಲಿ ನಿನ್ನಪ್ಪ ಸಂಜಯ, ನಿನ್ನವ್ವ ಇಬ್ಬರೂ ಚೆನ್ನಾಗಿದ್ದಾರೆ. ಖಾನಾಪುರದಲ್ಲಿ ನನ್ನ ತಮ್ಮ ಲಕ್ಷ್ಮಪ್ಪನಿಗೆ ಮೊಣಕಾಲು ನೋವಂತೆ. ನಾನೂ ಗಟ್ಟಿಯಾಗಿದ್ದೇನೆ, ಭರಣಿಯೊಳಗಿನ ಉಪ್ಪಿನಕಾಯಿಯ ಹಾಗೆ; ಕೆಡುವುದಿಲ್ಲ, ಹೊರಗೂ ಬರುವುದಿಲ್ಲ.

ನಗಬೇಡ, ನಡೆದದ್ದು ಹೇಳುತ್ತೇನೆ. ಲಕ್ಷ್ಮಪ್ಪ ಈ ಸಲದ ಮಸೂರ ಕಾಳು ಕಳಿಸುವಾಗ ನಾನೇ ಹೇಳಿದ್ದೆ, "ತೂರಬ್ಯಾಡೋ, ಹೊಟ್ಟಿನ ಕೂಡನ ಕಳಸು. ಇಲ್ಲೂ ಗಾಳಿ ಬರತದ." ಬರುತ್ತದೆ ಖರೇ. ನೀನಿರುವ ಕಾರವಾರದ ಕಡೆಯ ಕಡಲಿನಿಂದ ಎದ್ದು, ಘಟ್ಟ ಹತ್ತಿ, ಖಾನಾಪುರದ ನಮ್ಮ ಕಣ ದಾಟಿ, ಹೊತ್ತು ಇಳಿಯುವಾಗ ಈ ಮೂರನೇ ಮಹಡಿಗೆ ಮೆಲ್ಲಗೆ ಬರುತ್ತದೆ. ನಿನ್ನ ಮುತ್ಯಾ ಇದ್ದಾಗ ಕಣದಲ್ಲಿ ಮೊರ ಹಿಡಿದು ಅದಕ್ಕೇ ಕಾಯುತ್ತ, "ಘಟ್ಟ ಹತ್ತಿ ದಣದಿರತದ, ಅದಕ್ಕ ಅವಸರ ಮಾಡಬ್ಯಾಡ್ರಿ" ಎನ್ನುತ್ತಿದ್ದರು. ಮಸೂರ ಬಂದ ದಿನ ಸಂಜೆ ಆ ಗಾಳಿ ಕೆನ್ನೆಗೆ ತಾಗಿದ್ದೇ ನನಗೆ ಮತ್ತೇನೂ ತೋಚಲಿಲ್ಲ. ಬಾಲ್ಕನಿಯಲ್ಲಿ ನಿಂತು ಮೊರ ಎತ್ತಿಬಿಟ್ಟೆ. ಕಣದಲ್ಲಾದರೆ ಹೊಟ್ಟಿಗೆ ಹಾರಿಹೋಗಲು ಬಯಲಿರುತ್ತದೆ. ಇಲ್ಲಿ ನನ್ನ ಬೆನ್ನ ಹಿಂದೆ ಪಡಸಾಲೆ, ಅದರಲ್ಲಿ ನಿನ್ನಪ್ಪನ ಸಾಹೇಬರು ಬಾಳಕೃಷ್ಣ ಚಹಾ ಕುಡಿಯುತ್ತ ಕುಳಿತಿದ್ದರು. ಹೊಟ್ಟೆಲ್ಲ ಅವರ ತಲೆಗೆ, ಚಹಾದ ಬಶಿಗೆ. ಪಾಪ, ಒಳ್ಳೆಯ ಮನುಷ್ಯ. "ಆಯಿ, ರಾಶಿ ನಮ್ಮ ತಲಿ ಮ್ಯಾಲೇ ಆತ್ ಬಿಡ್ರಿ" ಎಂದು ಕೊಡವಿಕೊಂಡರು. ನಿನ್ನಪ್ಪ ನಗಲಿಲ್ಲ.

ಮರುದಿನವೇ ಬಾಲ್ಕನಿಗೆ ಗಾಜು ಕೂಡಿಸಿ ಸ್ಕ್ರೂ ಬಿಗಿಸಿದ. "ಯವ್ವಾ, ಬಗ್ಗಿ ಬಿದ್ದಿ ಅಂದ್ರ ನಾ ಏನ್ ಮಾಡ್ಲಿ?" ಎಂದ. ಅವನದು ಸಿಟ್ಟಿಗಿಂತ ಹೆದರಿಕೆ. ಅದಕ್ಕೇ ಜಗಳವಾಡಲೂ ಆಗುವುದಿಲ್ಲ. ಈಗ ಇಬ್ಬರೂ ಕೆಲಸಕ್ಕೆ ಹೋಗುವಾಗ ಬಾಗಿಲಿಗೆ ಹೊರಗಿನಿಂದ ಕೀಲಿ. ಸಂಜೆ ಎದುರಿನ ಬೇವಿನ ಎಲೆ ಅಲ್ಲಾಡುವುದು ಕಾಣುತ್ತದೆ, ಗಾಳಿ ಬಂತೆಂದು ತಿಳಿಯುತ್ತದೆ. ಅಂಗೈ ಇಟ್ಟರೆ ಗಾಜು ಬರೀ ಬಿಸಿ. ಉಳಿದ ಮಸೂರ ಹೊಟ್ಟಿನ ಸಮೇತ ನನ್ನ ಮಂಚದ ಕೆಳಗಿದೆ.

ಮೈ ಕಡೆ ಲಕ್ಷ್ಯವಿರಲಿ, ಮಗಳೇ. ಸಾಯಲಿಯ ತಲೆಯ ಮೇಲೂ ನನ್ನ ಕೈಯಿದೆ ಎಂದು ಹೇಳು.

ನಿನ್ನ ಆಯಿ,
ಸಾವಂತ್ರವ್ವ

ತಾ.ಕ.: ಅಡುಗೆಮನೆಯ ಕಿಟಕಿಯಿಂದ ಕಾಯಿಪಲ್ಯೆಯ ಕಾಡವ್ವನಿಗೆ ಬುಟ್ಟಿ ಇಳಿಬಿಡುತ್ತೇನಲ್ಲ, ಅದರಲ್ಲೇ ಈ ಪತ್ರ. ಅಂಚೆಗೆ ಅವಳೇ ಹಾಕುತ್ತಾಳೆ. "ಲಗೂ ಮಾಡ್ ಆಯಿ" ಎಂದು ಕೆಳಗಿನಿಂದ ಕೂಗುತ್ತಿದ್ದಾಳೆ. ಮಾಯಾ, ಆಯಿಗೆ ಬೇಸರವಾಗಿದೆ ಎಂದು ಅಪ್ಪನಿಗೆ ಹೇಳಬೇಡ, ಅದು ಅವನಿಗೆ ಕೇಳಿಸುವುದಿಲ್ಲ. "ನನಗ ಇಲ್ಲಿ ಪಾಳಿ, ಅಡಗಿ ಎರಡೂ ಆಗವಲ್ದು, ಆಯಿನ್ನ ಕಳಸು" ಎಂದು ನಿನ್ನ ಕಷ್ಟ ಬರೆ, ಕಳಿಸಿಯೇ ಕಳಿಸುತ್ತಾನೆ. ಫೋನಿನಲ್ಲಿ ಬೇಡ, ನಿನಗೆ ನಗು ತಡೆಯುವುದಿಲ್ಲ. ಮಸೂರದ ಚೀಲವನ್ನೂ ತರುತ್ತೇನೆ; ಗಾಳಿ ಇನ್ನೂ ದಣಿಯದ ಜಾಗದಲ್ಲಿ ಇಬ್ಬರೂ ತೂರೋಣ. ಮಳೆಗಾಲದ ಗಾಳಿಗೆ ತೂರಲು ಬರುವುದಿಲ್ಲ. ಬೇಗ ಬರೆ.