ಮೊಳೆಯ ಮೇಲಿನ ಅಪವಾದ

ನವೆಂಬರ್ ೧೭, ಭಾನುವಾರ

ಒಳಕೋಣೆಗೆ ಇಂಟರ್ನೆಟ್ ಬಾರದಿರುವುದಕ್ಕೆ ಹೆಂಡತಿ ಹೊಡೆದ ಮೊಳೆಯೇ ಕಾರಣವೆಂದು ಮೂರು ವಾರದಿಂದ ಹೇಳುತ್ತಿದ್ದೆ. ತೀರಿಹೋದ ತನ್ನ ಅಮ್ಮನ ಫೋಟೋ ಹಾಕಲು ಹೊಡೆದ ಮೊಳೆ. ಗೋಡೆಯೊಳಗೆ ಕೇಬಲ್ ಹಾದುಹೋಗುವುದೂ ಅಲ್ಲೇ. ನಿನ್ನೆ ಫೋಟೋ ಇಳಿಸಿದ್ದೂ ಆಯಿತು. ಗೋಡೆ ಒಡೆಸುವ ಮೊದಲು ಇರಲಿ ಎಂದು ಎಲೆಕ್ಟ್ರಿಷಿಯನ್ ಹತ್ತಿರ ಕೇಬಲ್ ಟೆಸ್ಟರ್ ಕೇಳಿ ತಂದೆ.

ಮಧ್ಯಾಹ್ನ ಕೇಬಲ್ಲಿನ ಒಂದು ತುದಿಯಲ್ಲಿ ನಾನು, ಒಳಕೋಣೆಯ ತುದಿಯಲ್ಲಿ ಕೇಬಲ್ಲಿನ ಎಳೆಗೊಂದರಂತೆ ಹತ್ತುವ ಟೆಸ್ಟರಿನ ಎಂಟು ದೀಪಗಳ ಮುಂದೆ ಅವಳು.

"ಒಂದು... ಎರಡು... ಮೂರು ಹತ್ತಲಿಲ್ಲ ರೀ. ನಾಲ್ಕು..."

"ನೋಡಿದ್ಯಾ? ಮೊಳೆ!"

"ನಿಮ್ಮ ಕಡೆ ಪ್ಲಗ್ಗೂ ಒಂದ್ಸಲ ನೋಡಿ. ಅದನ್ನ ಹಾಕಿದ್ದು ನಮ್ಮಮ್ಮ ಅಲ್ವಲ್ಲ."

ಹಾಕಿದ್ದು ನಾನೇ. ಬಿಳಿ-ಹಸಿರು ಎಳೆ ಪ್ಲಗ್ಗಿನ ತುದಿಯನ್ನು ಮುಟ್ಟಿರಲೇ ಇಲ್ಲ. ಕತ್ತರಿಸಿ ಹೊಸ ಪ್ಲಗ್ ಹಾಕಿದೆ. ಎಂಟೂ ಹತ್ತಿದವು ಎಂದು ಕೂಗಿದಳು. ಒಂದು ಮಾತಿನಿಂದ ಚುಚ್ಚಿದ್ದರೆ ನನಗೆ ಹಗುರಾಗುತ್ತಿತ್ತೇನೋ.

"ಇನ್ನೊಂದ್ಸಲ ಎಣಿಸು," ಎಂದೆ, ಬೇಕಿರಲಿಲ್ಲವಾದರೂ. ಎಣಿಸಿದಳು. ಮೂರನ್ನು ಮಾತ್ರ ರಾಗವಾಗಿ ಎಳೆದಳು. ಇಬ್ಬರಿಗೂ ನಗು ಬಂತು.

ಅತ್ತೆಯ ಫೋಟೋ ಒರೆಸಿ, ಅದೇ ಮೊಳೆಗೆ ನಾನೇ ಹಾಕಿದೆ. ಸ್ವಲ್ಪ ವಾಲಿದೆ ಎಂದಳು. ಮೊಳೆಯ ತಪ್ಪು ಎನ್ನಲು ಈ ಸಲ ಬಾಯಿ ಬರಲಿಲ್ಲ. ನಿದ್ದೆ ಎಳೆಯುತ್ತಿದೆ. ಬೆಳಿಗ್ಗೆ ಎದ್ದ ತಕ್ಷಣ ಅದನ್ನೊಂದು ನೇರ...